ಪ್ಯಾರಡೈಸ್‌ನಿಂದ ಕ್ಯಾಂಪ್ ಮ್ಯೂರ್‌ಗೆ: ಮೌಂಟ್ ರೇನಿಯರ್ ಮೇಲೆ ಪೂರ್ತಿ ಒಂದು ದಿನದ ಸ್ಕೀ ಟೂರಿಂಗ್

ಸಿಯಾಟಲ್, ಬೆಲ್ವ್ಯೂ, ರೆಡ್‌ಮಂಡ್ ಕಡೆ ಇರುವ ಕನ್ನಡಿಗರಿಗೆ ಮೌಂಟ್ ರೇನಿಯರ್ ಗುರುತಿನ ಬೆಟ್ಟ. ಮೋಡ ಇಲ್ಲದ ದಿನ ಹೆದ್ದಾರಿಯಿಂದಲೇ ಕಾಣುತ್ತದೆ. ಎತ್ತರ 4,392 ಮೀಟರ್, ಮೈತುಂಬ ಹಿಮನದಿಗಳು. ಅದರ ತುದಿ ಮುಟ್ಟುವುದು ಬೇರೆ ಮಟ್ಟದ ಕೆಲಸ. ಆದರೆ ಬೆಟ್ಟದ ದಕ್ಷಿಣ ಮಗ್ಗುಲಲ್ಲಿ ಪ್ಯಾರಡೈಸ್ ಅನ್ನುವ ಜಾಗವಿದೆ. ಅಲ್ಲಿ ಕಾರು ನಿಲ್ಲಿಸಿ, ಸ್ಕೀ ಹಾಕಿಕೊಂಡೇ, ಕಲ್ಲಿನ ಆಸರೆಗಳಿರುವ ಕ್ಯಾಂಪ್ ಮ್ಯೂರ್‌ವರೆಗೆ ಹತ್ತಿ, ಅದೇ ದಿನ ಸ್ಕೀ ಮೇಲೆ ಇಳಿದು ಬರಬಹುದು. ಈ ಬರಹ ಆ ಒಂದು ದಿನದ ಬಗ್ಗೆ.

ಸ್ಕೀ ಟೂರಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಲಿಫ್ಟ್ ಇರುವುದಿಲ್ಲ. ಸ್ಕೀಯ ತಳಕ್ಕೆ ಸ್ಕಿನ್ ಎಂಬ ಪಟ್ಟಿ ಅಂಟಿಸುತ್ತಾರೆ. ಅದರ ಕೂದಲು ಒಂದೇ ದಿಕ್ಕಿಗೆ ಮಲಗಿರುತ್ತದೆ, ಹಾಗಾಗಿ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವುದು ಬೈಂಡಿಂಗ್. ಹತ್ತುವಾಗ ಬೂಟಿನ ಮುಂಭಾಗ ಮಾತ್ರ ಅದಕ್ಕೆ ಸಿಕ್ಕಿಕೊಂಡಿರುತ್ತದೆ, ಹಿಮ್ಮಡಿ ಎದ್ದು ಏಳುತ್ತದೆ. ಮೇಲೆ ತಲುಪಿದ ಮೇಲೆ ಸ್ಕಿನ್ ಕಿತ್ತು, ಹಿಮ್ಮಡಿ ಬಿಗಿದು, ಮಾಮೂಲಿ ಸ್ಕೀಯಂತೆ ಇಳಿಯುವುದು.

ಈ ದಾರಿಯ ಬಗ್ಗೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಕ್ಯಾಂಪ್ ಮ್ಯೂರ್‌ಗೆ ಏರುವ ಹಿಮದ ಬಯಲು, ಅಂದರೆ ಮ್ಯೂರ್ ಸ್ನೋಫೀಲ್ಡ್, ಕಡಿದಾಗಿಲ್ಲ. ಸರಾಸರಿ ಇಳಿಜಾರು 15 ಡಿಗ್ರಿಯ ಆಸುಪಾಸು. ಬಿಸಿಲಿದ್ದ ದಿನ ನೂರಾರು ಜನ ನಡೆದೇ ಹೋಗುತ್ತಾರೆ. ಹೀಗೆ ಸುಲಭವಾಗಿ ಕಾಣುವುದರಿಂದಲೇ ಜನ ಇಲ್ಲಿ ದಾರಿ ತಪ್ಪುತ್ತಾರೆ, ಸಾಯುತ್ತಾರೆ ಕೂಡ. ಮೋಡ ಇಳಿದರೆ ಹತ್ತು ನಿಮಿಷದಲ್ಲಿ ನೆಲ ಯಾವುದು, ಆಕಾಶ ಯಾವುದು ಅಂತ ತಿಳಿಯುವುದಿಲ್ಲ. ಹಾಗಾಗಿ ದಿನವನ್ನು ಕೊನೆಯಿಂದ ಯೋಚಿಸಿ. ಕಾರಿಗೆ ಎಷ್ಟು ಗಂಟೆಗೆ ವಾಪಸ್ ಬರಬೇಕು, ಏನೂ ಕಾಣದಿದ್ದರೆ ಹೇಗೆ ಬರುತ್ತೇನೆ, ಇವೆರಡಕ್ಕೆ ಉತ್ತರ ಸಿಕ್ಕಿದ ಮೇಲೆ ಹತ್ತುವ ಮಾತು.

ದಾರಿಯ ಲೆಕ್ಕ

ಪ್ಯಾರಡೈಸ್ ಸುಮಾರು 1,645 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪನೋರಮಾ ಪಾಯಿಂಟ್ 2,070 ಮೀಟರ್, ಪೆಬಲ್ ಕ್ರೀಕ್ 2,195 ಮೀಟರ್. ಅದರಾಚೆ ಮ್ಯೂರ್ ಸ್ನೋಫೀಲ್ಡ್ ಶುರು. ಕ್ಯಾಂಪ್ ಮ್ಯೂರ್ 3,100 ಮೀಟರ್ ಚಿಲ್ಲರೆ. ಒಂದು ಕಡೆಗೆ 7 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಹತ್ತುವ ಎತ್ತರ ಹೆಚ್ಚುಕಡಿಮೆ 1,450 ಮೀಟರ್.

ಎಷ್ಟು ಹೊತ್ತು ಬೇಕು ಅಂತ ಅಂದಾಜು ಹಾಕಲು ಸ್ವಿಟ್ಜರ್ಲೆಂಡಿನ ಪರ್ವತ ಗೈಡ್ ವೆರ್ನರ್ ಮುಂಟರ್ ಅವರ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. ಒಂದು ಕಿಲೋಮೀಟರ್ ದೂರಕ್ಕೆ ಒಂದು ಅಂಕ. 100 ಮೀಟರ್ ಎತ್ತರಕ್ಕೆ ಒಂದು ಅಂಕ. ಎರಡನ್ನೂ ಕೂಡಿ. ಹತ್ತುವಾಗ ಗಂಟೆಗೆ 4 ಅಂಕ, ಸ್ಕೀಯಲ್ಲಿ ಇಳಿಯುವಾಗ ಗಂಟೆಗೆ 10 ಅಂಕ ಅಂತ ಭಾಗಿಸಿ. ಇಲ್ಲಿ 7.2ಕ್ಕೆ 14.5 ಸೇರಿಸಿದರೆ 21.7. ಹತ್ತಲು ಸುಮಾರು ಐದೂವರೆ ಗಂಟೆ, ಇಳಿಯಲು ಎರಡು ಗಂಟೆ ಚಿಲ್ಲರೆ. ಊಟ, ಬಟ್ಟೆ ಬದಲು, ಫೋಟೋ ಎಲ್ಲ ಸೇರಿದರೆ ಎಂಟೂವರೆ ಗಂಟೆ. ಕಾಲು ಗಟ್ಟಿ ಇದ್ದವರು ಬೇಗ ಮುಗಿಸುತ್ತಾರೆ. ಆದರೆ ಲೆಕ್ಕ ಹಾಕುವಾಗ ಗುಂಪಿನಲ್ಲಿ ನಿಧಾನ ಇರುವವರ ವೇಗವನ್ನೇ ಹಿಡಿಯಬೇಕು.

ಹೋಗಿ ಅದೇ ದಿನ ಬರುವವರಿಗೆ ಕ್ಲೈಂಬಿಂಗ್ ಪರ್ಮಿಟ್ ಬೇಡ. ಮೇಲೆ ರಾತ್ರಿ ತಂಗುವುದಾದರೆ, ಕ್ಯಾಂಪ್ ಮ್ಯೂರ್ ದಾಟುವುದಾದರೆ ಅಥವಾ ಪಕ್ಕದ ಹಿಮನದಿಗೆ ಕಾಲಿಡುವುದಾದರೆ ಪರ್ಮಿಟ್ ಬೇಕೇ ಬೇಕು.

ಯಾರು ಹೋಗಬಹುದು?

ಇಳಿಯಲು ಬಾರದವರು ಹತ್ತಬಾರದು. ಕ್ರಿಸ್ಟಲ್ ಮೌಂಟನ್ ಅಥವಾ ಸ್ಟೀವನ್ಸ್ ಪಾಸ್‌ನಲ್ಲಿ ನೀಲಿ ಗುರುತಿನ (ಮಧ್ಯಮ ಮಟ್ಟದ) ಇಳಿಜಾರುಗಳನ್ನು ಎಂಥ ಹಿಮವಿದ್ದರೂ ಬೀಳದೆ ಇಳಿಯಬಲ್ಲಿರಾ? ಗಟ್ಟಿ ಹಿಮ, ಒದ್ದೆ ಹಿಮ, ಒಡೆಯುವ ಪದರ, ಎಲ್ಲದರಲ್ಲೂ? ಆಮೇಲೆ ಈ ದಿನ ಯೋಚಿಸಿ. ರೆಸಾರ್ಟಿನಲ್ಲಿ ಯಂತ್ರ ಹಾಯಿಸಿ ಹಿಮ ಸಮ ಮಾಡಿರುತ್ತಾರೆ. ಇಲ್ಲಿ ಗಾಳಿ ಕೊರೆದ ಏರುತಗ್ಗಿನ ಮೇಲೆ ಸುಸ್ತಾದ ಕಾಲಿನಲ್ಲಿ ಇಳಿಯಬೇಕು. ಸ್ಕೀ ಇನ್ನೂ ಕಲಿಯದವರು ಮೊದಲು ಒಂದೆರಡು ಚಳಿಗಾಲ ರೆಸಾರ್ಟಿಗೆ ಕೊಡಿ. ಊರಿಂದ ರಜೆ ಹಾಕಿ ಕಲಿಯುವವರಿಗೆ ಗುಲ್ಮಾರ್ಗ್ ಮತ್ತು ಔಲಿಯಲ್ಲೂ ತರಬೇತಿ ಸಿಗುತ್ತದೆ.

ಎರಡನೆಯದು ಹಿಮಕುಸಿತದ ತರಬೇತಿ. ಅಮೆರಿಕದಲ್ಲಿ ಏರಿ (AIARE) ಲೆವೆಲ್ 1 ಅಂತ ಮೂರು ದಿನದ ಕೋರ್ಸ್ ಇದೆ. ದುಡ್ಡು ಖರ್ಚಾಗುತ್ತದೆ ಅಂತ ಇದನ್ನು ಮುಂದಕ್ಕೆ ಹಾಕಬೇಡಿ. ಹೊಸ ಸ್ಕೀ ಬದಲು ಹಳೆಯದು ಕೊಂಡು, ಉಳಿದ ದುಡ್ಡಲ್ಲಿ ಕೋರ್ಸ್ ಮಾಡಿ ಅನ್ನುವುದು ನನ್ನ ಸಲಹೆ.

ಒಬ್ಬರೇ ಹೋಗಬೇಡಿ. ಮೂರು ಅಥವಾ ನಾಲ್ಕು ಜನ ಸರಿಯಾದ ಗುಂಪು. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಬಹುದು, ಇನ್ನೊಬ್ಬರು ಸಹಾಯ ತರಬಹುದು.

ಯಾವ ತಿಂಗಳು?

ಮೊದಲ ಸಲಕ್ಕೆ ಮೇ ಮಧ್ಯದಿಂದ ಜೂನ್ ಮಧ್ಯದವರೆಗಿನ ಕಾಲ ಒಳ್ಳೆಯದು. ಕಾರಣಗಳಿವೆ. ಚಳಿಗಾಲದಲ್ಲಿ ಲಾಂಗ್‌ಮೈರ್‌ನಿಂದ ಪ್ಯಾರಡೈಸ್‌ಗೆ ಹೋಗುವ ರಸ್ತೆಗೆ ರಾತ್ರಿ ಗೇಟ್ ಹಾಕುತ್ತಾರೆ. ಬೆಳಿಗ್ಗೆ ಹಿಮ ತೆಗೆದ ಮೇಲೆಯೇ ಬಿಡುತ್ತಾರೆ, ಕೆಲವು ದಿನ ಬಿಡುವುದೇ ಇಲ್ಲ. ಹಗಲು ಚಿಕ್ಕದು. ತಡವಾಗಿ ಹೊರಟು ಕತ್ತಲೆಯೊಳಗೆ ಬರಬೇಕು, ಲೆಕ್ಕ ಕೂಡುವುದಿಲ್ಲ. ಮೇ ಕೊನೆಗೆ ಐದೂಕಾಲರ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ರಾತ್ರಿ ಒಂಬತ್ತರ ಹತ್ತಿರ ಮುಳುಗುತ್ತಾನೆ.

ಅಷ್ಟೊತ್ತಿಗೆ ಹಿಮ ಕರಗಿರುವುದಿಲ್ವಾ ಅಂತ ಕೇಳುವವರಿದ್ದಾರೆ. ಪ್ಯಾರಡೈಸ್‌ನಲ್ಲಿ ವರ್ಷಕ್ಕೆ ಸರಾಸರಿ 16 ಮೀಟರ್ ಹಿಮ ಬೀಳುತ್ತದೆ. 1971–72ರ ಚಳಿಗಾಲದಲ್ಲಿ 28 ಮೀಟರ್ ದಾಟಿತ್ತು. ಮೇ ತಿಂಗಳಲ್ಲಿ ಪಾರ್ಕಿಂಗ್ ಲಾಟಿನ ಅಂಚಿನಿಂದಲೇ ಸ್ಕೀ ಹಾಕಬಹುದು. ಜುಲೈ ಬಂದರೆ ಕೆಳಗಿನ ಭಾಗದಲ್ಲಿ ಸ್ಕೀ ಬೆನ್ನಿಗೆ ಕಟ್ಟಿ ಕಾಲುದಾರಿಯಲ್ಲಿ ನಡೆಯಬೇಕಾಗುತ್ತದೆ. ಆಗ ಹಿಮ ಸರಿದ ಹುಲ್ಲುಗಾವಲಿನ ಮೇಲೆ ಕಾಲಿಡಬೇಡಿ. ಆ ಗಿಡಗಳಿಗೆ ವರ್ಷದಲ್ಲಿ ಬೆಳೆಯಲು ಸಿಗುವುದು ಕೆಲವೇ ವಾರ.

ವಸಂತದ ಇನ್ನೊಂದು ಉಡುಗೊರೆ ಕಾರ್ನ್ ಹಿಮ. ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಹೀಗೇ ಹಲವು ದಿನ ನಡೆದರೆ ಹಿಮದ ಮೇಲ್ಪದರ ದಪ್ಪ ರವೆಯಂತೆ ಕಾಳುಕಾಳಾಗುತ್ತದೆ. ಬೆಳಿಗ್ಗೆ ಕಲ್ಲಿನಷ್ಟು ಗಟ್ಟಿ. ಬಿಸಿಲೇರಿ ಒಂದೆರಡು ಇಂಚು ಮೆತ್ತಗಾದ ಆ ಒಂದೆರಡು ಗಂಟೆ ಇಳಿಯುವ ಸುಖವೇ ಸುಖ. ಆಮೇಲೆ ಅದು ಕೆಸರಾಗುತ್ತದೆ. ಮ್ಯೂರ್ ಸ್ನೋಫೀಲ್ಡ್ ದಕ್ಷಿಣಕ್ಕೆ ಮುಖ ಮಾಡಿದೆ, ಬಿಸಿಲು ನೇರ ಬೀಳುತ್ತದೆ. ಹಾಗಾಗಿ ಹನ್ನೊಂದರಿಂದ ಒಂದರ ನಡುವೆ ಇಳಿಯಲು ಶುರು ಮಾಡುವ ಹಾಗೆ ಹೊರಡಬೇಕು.

ಚೀಲದೊಳಗೆ ಏನು

ಮೈಮೇಲೆ ಇರಬೇಕಾದ್ದು ಬೀಕನ್, ಅಂದರೆ ಹಿಮದಡಿ ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ. ಚೀಲದಲ್ಲಿ ಪ್ರೋಬ್ (ಹೂತವರನ್ನು ಹುಡುಕಲು ಹಿಮಕ್ಕೆ ಚುಚ್ಚುವ ಉದ್ದ ಕಡ್ಡಿ) ಮತ್ತು ಲೋಹದ ಸಲಿಕೆ. ಪ್ರೋಬ್ 240 ಸೆಂಟಿಮೀಟರ್‌ಗಿಂತ ಗಿಡ್ಡದ್ದು ಬೇಡ. ಈ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು. ನಿಮ್ಮ ಸಲಿಕೆ ನಿಮ್ಮನ್ನು ಅಗೆಯುವುದಿಲ್ಲ, ಜೊತೆಗಾರನ ಸಲಿಕೆ ಅಗೆಯುತ್ತದೆ.

ಟೂರಿಂಗ್ ಸ್ಕೀ, ಪಿನ್ ಬೈಂಡಿಂಗ್, ಅದಕ್ಕೆ ಹೊಂದುವ ಬೂಟು, ಸ್ಕೀ ಅಳತೆಗೆ ಕತ್ತರಿಸಿದ ಸ್ಕಿನ್. ಮೊದಲ ವರ್ಷ ಬಾಡಿಗೆಗೆ ತನ್ನಿ, ಆದರೆ ಬೂಟು ಮಾತ್ರ ಮನೆಯಲ್ಲಿ ಒಂದು ಸಂಜೆ ಹಾಕಿಕೊಂಡು ನೋಡಿ. ಬೂಟು ಕಚ್ಚಿದರೆ ಆ ದಿನವೇ ಹಾಳು. ಸ್ಕೀ ಕ್ರಾಂಪಾನ್ ಅಂತ ಬೈಂಡಿಂಗ್ ಕೆಳಗೆ ಸಿಕ್ಕಿಸುವ ಹಲ್ಲಿನ ಪಟ್ಟಿ ಸಿಗುತ್ತದೆ. ಮೇ ತಿಂಗಳ ಬೆಳಗಿನ ಗಟ್ಟಿ ಹಿಮಕ್ಕೆ ಇದು ಇರಲೇಬೇಕು ಅನ್ನುತ್ತೇನೆ.

ಬಟ್ಟೆ ಪದರ ಪದರವಾಗಿರಲಿ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ಹತ್ತಿ ಬೇಡ. ಬೆವರಿಗೆ ಒದ್ದೆಯಾದ ಹತ್ತಿ ಆರುವುದಿಲ್ಲ, ನಿಂತ ಕೂಡಲೇ ನಡುಕ ಹುಟ್ಟಿಸುತ್ತದೆ. ಗಾಳಿ ತಡೆಯುವ ಜಾಕೆಟ್, ನಿಂತಾಗ ಹಾಕಲು ದಪ್ಪ ಪಫಿ ಜಾಕೆಟ್, ತೆಳು ಮತ್ತು ದಪ್ಪ ಎರಡು ಜೊತೆ ಕೈಗವಸು, ಹೆಲ್ಮೆಟ್, ಗಾಗಲ್. ಕಪ್ಪು ಕನ್ನಡಕ ಹಿಮನದಿಗೆಂದೇ ಮಾಡಿದ್ದು ಇರಲಿ. ಹೊಸ ಹಿಮ ನೇರಳಾತೀತ ಕಿರಣದ ಶೇಕಡಾ 80ರವರೆಗೆ ವಾಪಸ್ ಎಸೆಯುತ್ತದೆ. ನಮ್ಮ ಬಣ್ಣಕ್ಕೆ ಏನೂ ಆಗಲ್ಲ ಅನ್ನುವ ಮಾತು ಕೇಳಬೇಡಿ. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೆ, ಕಿವಿಗೆ ಸನ್‌ಸ್ಕ್ರೀನ್ ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಉಳಿದದ್ದು ಚಿಕ್ಕ ಸಾಮಾನು. ಹೆಡ್‌ಲ್ಯಾಂಪ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕಂಪಾಸ್, ಕಾಗದದ ನಕ್ಷೆ, ಪವರ್ ಬ್ಯಾಂಕ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ. ಮೊಬೈಲ್ ಸಿಗ್ನಲ್ ನಂಬಬೇಡಿ. ರಿಪೇರಿಗೆ ಸ್ಕ್ರೂಡ್ರೈವರ್, ಸ್ವಲ್ಪ ಡಕ್ಟ್ ಟೇಪ್, ಎರಡು ಮೂರು ರಬ್ಬರಿನ ಸ್ಕೀ ಸ್ಟ್ರಾಪ್. ಸ್ಕಿನ್ನಿನ ಅಂಟು ಬಿಟ್ಟರೆ, ಬೂಟಿನ ಬಕಲ್ ಮುರಿದರೆ, ಕೋಲು ಮುರಿದರೆ, ಈ ಸ್ಟ್ರಾಪ್ ಎಲ್ಲಕ್ಕೂ ಬರುತ್ತದೆ. ಸ್ಕಿನ್ ವ್ಯಾಕ್ಸ್ ಒಂದು ತುಂಡು ಮರೆಯಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ತಿಂಡಿ ಮತ್ತು ನೀರು

ಗಂಟೆಗೆ 200ರಿಂದ 300 ಕ್ಯಾಲರಿ ಹೊಟ್ಟೆಗೆ ಹೋಗುತ್ತಿರಬೇಕು. ಹಸಿವಾದ ಮೇಲೆ ತಿನ್ನುತ್ತೇನೆ ಅಂದರೆ ತಡವಾಯಿತು ಅಂತಲೇ ಅರ್ಥ. ಗಾಳಿಯಲ್ಲಿ ಒಂದು ಕೈಯಲ್ಲಿ, ಕೈಗವಸು ತೆಗೆಯದೆ ತಿನ್ನುವಂತಿರಬೇಕು. ಈ ವಿಷಯದಲ್ಲಿ ನಮ್ಮ ಮನೆ ತಿಂಡಿಗಳು ಅಂಗಡಿ ಬಾರ್‌ಗಿಂತ ಎಷ್ಟೋ ಮೇಲು. ಶೇಂಗಾ ಹೋಳಿಗೆ ಚಳಿಗೂ ಮೆತ್ತಗಿರುತ್ತದೆ, ಎರಡು ತಿಂದರೆ ಒಂದು ಗಂಟೆ ಏರಬಹುದು. ತುಪ್ಪ, ಚಟ್ನಿಪುಡಿ ಸವರಿ ಸುತ್ತಿದ ಚಪಾತಿ ಕೂಡ ಒಳ್ಳೆಯದು. ಎಳ್ಳುಂಡೆ ಜೇಬಿನಲ್ಲಿರಲಿ. ಚಿಕ್ಕಿ ಚಳಿಗೆ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತದೆ, ಮನೆಯಲ್ಲೇ ಚಿಕ್ಕ ತುಂಡು ಮಾಡಿಕೊಳ್ಳಿ. ಬರೀ ಸಿಹಿ ಐದು ಗಂಟೆ ತಿನ್ನಲು ಆಗುವುದಿಲ್ಲ, ಕೋಡುಬಳೆಯೋ ಖಾರದ ಕಡಲೆಬೀಜವೋ ಜೊತೆಗಿಡಿ. ಚಿತ್ರಾನ್ನದ ಡಬ್ಬಿ ಕಾರಿನಲ್ಲೇ ಇರಲಿ, ವಾಪಸ್ ಬಂದ ಮೇಲೆ.

ನೀರು ಎರಡೂವರೆ ಲೀಟರ್. ಪೈಪಿನಲ್ಲಿ ಹೀರುವ ಚೀಲ ಬೇಡ, ಪೈಪು ಹೆಪ್ಪುಗಟ್ಟುತ್ತದೆ. ಅರ್ಧ ಲೀಟರ್ ಫ್ಲಾಸ್ಕ್‌ನಲ್ಲಿ ಬೆಲ್ಲ, ಶುಂಠಿ, ನಿಂಬೆ ಹಾಕಿದ ಬಿಸಿನೀರು ಇದ್ದರೆ ಮೇಲೆ ಕೂತಾಗ ಜೀವ ಬಂದಂತಾಗುತ್ತದೆ.

ಹಿಂದಿನ ಎರಡು ದಿನ

ಹವಾಮಾನದಲ್ಲಿ ಮೂರು ಸಂಗತಿ ನೋಡಿ. ರಾತ್ರಿ ಹಿಮ ಹೆಪ್ಪುಗಟ್ಟುತ್ತದೆಯೇ? ಯಾವ ಎತ್ತರದಲ್ಲಿ ಸೊನ್ನೆ ಡಿಗ್ರಿ ಅಂತ ಮುನ್ಸೂಚನೆಯಲ್ಲಿ ಕೊಟ್ಟಿರುತ್ತಾರೆ. ಅದು ರಾತ್ರಿಯೂ ಕ್ಯಾಂಪ್ ಮ್ಯೂರ್‌ಗಿಂತ ಎಷ್ಟೋ ಮೇಲಿದ್ದು, ಮೋಡವೂ ಮುಚ್ಚಿದ್ದರೆ, ಹಿಮ ರಾತ್ರಿಯಿಡೀ ಒದ್ದೆಯಾಗೇ ಇರುತ್ತದೆ. ಆ ದಿನ ಮನೆಯಲ್ಲಿರಿ. ಗಾಳಿ ಎಷ್ಟು? ಮೇಲೆ ಗಂಟೆಗೆ 50 ಕಿಲೋಮೀಟರ್ ಮೀರಿದರೆ ಸುಖವಿಲ್ಲ. ಮಧ್ಯಾಹ್ನ ಮೋಡ ಬರುತ್ತದೆಯೇ? ಈ ಬೆಟ್ಟ ಪೆಸಿಫಿಕ್ ಕಡೆಯ ತೇವವನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತದೆ. ಕೆಳಗೆ ಬಿಸಿಲಿದ್ದರೂ ಮೇಲೆ ಮೋಡ ಕವಿದಿರಬಹುದು. ಮುನ್ಸೂಚನೆಯಲ್ಲಿ ಮಧ್ಯಾಹ್ನಕ್ಕೆ ಅನುಮಾನ ಇದ್ದರೆ ನಾನು ಹೋಗುವುದಿಲ್ಲ. ಇನ್ನೊಂದು ಭಾನುವಾರ ಬಂದೇ ಬರುತ್ತದೆ.

ಹಿಮಕುಸಿತದ ಮುನ್ಸೂಚನೆಯನ್ನು ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಚಳಿಗಾಲದಲ್ಲಿ ದಿನಾ ಕೊಡುತ್ತದೆ. ಐದು ಹಂತದ ಅಳತೆ. ಮೂರನೇ ಹಂತ ನಡುವಿನದು ಅಂತ ಕಾಣುತ್ತದೆ, ಆದರೆ ಅದು ನಡುವಿನ ಅಪಾಯ ಅಲ್ಲ. ಆ ಹಂತದಲ್ಲಿ ಜನರೇ ಹಿಮಕುಸಿತ ಎಬ್ಬಿಸುವ ಸಂಭವ ಚೆನ್ನಾಗಿಯೇ ಇರುತ್ತದೆ. ವಸಂತದಲ್ಲಿ ದಿನದ ಮುನ್ಸೂಚನೆ ನಿಂತುಹೋಗುತ್ತದೆ, ಆಗ ನಿರ್ಧಾರ ನಿಮ್ಮ ಮೇಲೇ ಬೀಳುತ್ತದೆ. ಪ್ಯಾರಡೈಸ್ ಮತ್ತು ಕ್ಯಾಂಪ್ ಮ್ಯೂರ್‌ನಲ್ಲಿ ತಾಪಮಾನ, ಗಾಳಿ ಅಳೆಯುವ ಯಂತ್ರಗಳಿವೆ, ಅವುಗಳ ಅಂಕಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಿಂದಿನ ರಾತ್ರಿ ನೋಡಿ, ಬೆಳಿಗ್ಗೆ ಎದ್ದು ಮತ್ತೆ ನೋಡಿ.

ಈ ಬೆಟ್ಟ ಮೌಂಟ್ ರೇನಿಯರ್ ನ್ಯಾಷನಲ್ ಪಾರ್ಕಿನೊಳಗಿದೆ, ಪಾರ್ಕಿನ ರಸ್ತೆ ಸ್ಥಿತಿಯನ್ನೂ ನೋಡಿ. ನವೆಂಬರ್ 1ರಿಂದ ಮೇ 1ರವರೆಗೆ ಪಾರ್ಕಿನೊಳಗೆ ಎಲ್ಲ ಗಾಡಿಯಲ್ಲೂ ಟೈರಿನ ಚೈನ್ ಇರಬೇಕು, ಫೋರ್ ವೀಲ್ ಡ್ರೈವ್ ಆದರೂ ಸರಿ.

ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಳ್ಳಿ. ಹತ್ತುವ ದಾರಿಯ ಗೆರೆಯನ್ನೂ ಹಾಕಿಟ್ಟುಕೊಳ್ಳಿ. ಸ್ನೋಫೀಲ್ಡ್‌ನಲ್ಲಿ ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ಡಿಗ್ರಿಯಲ್ಲಿ ಹೋಗಬೇಕು ಅನ್ನುವ ಪಟ್ಟಿಯನ್ನು ಪಾರ್ಕಿನವರೇ ಕೊಡುತ್ತಾರೆ. ಅದನ್ನು ಪ್ರಿಂಟ್ ಮಾಡಿ ಜೇಬಿಗಿಡಿ. ಇಲ್ಲಿ ಕಂಪಾಸಿನ ಉತ್ತರ ನಿಜವಾದ ಉತ್ತರಕ್ಕಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ ವಾಲಿರುತ್ತದೆ. ಪಟ್ಟಿಯಲ್ಲಿರುವುದು ಯಾವ ಉತ್ತರದ ಲೆಕ್ಕ ಅಂತ ನೋಡಿಕೊಂಡು ಕಂಪಾಸ್ ಸರಿಮಾಡಿ.

ಮನೆಯಲ್ಲಿರುವ ಯಾರಿಗಾದರೂ ಹೇಳಿ ಹೋಗಿ: ಯಾವ ದಾರಿ, ಯಾರು ಯಾರು, ಎಷ್ಟು ಗಂಟೆಗೆ ಫೋನ್ ಬರಬೇಕು, ಬಾರದಿದ್ದರೆ ಯಾವಾಗ 911ಕ್ಕೆ ಕರೆ ಮಾಡಬೇಕು.

ಪ್ಯಾರಡೈಸ್‌ನಲ್ಲಿ

ಸಿಯಾಟಲ್‌ನಿಂದ ಎರಡೂವರೆ ಗಂಟೆ ಡ್ರೈವ್. ಮೂರು ಗಂಟೆಗೆ ಮನೆ ಬಿಟ್ಟರೆ ಆರಕ್ಕೆ ಸ್ಕೀ ಮೇಲಿರಬಹುದು. ನಿದ್ದೆ ಕಡಿಮೆಯಾಗುತ್ತದೆ ಅನ್ನುವವರು ಹಿಂದಿನ ರಾತ್ರಿ ಆಶ್‌ಫೋರ್ಡ್‌ನಲ್ಲಿ ಉಳಿಯಿರಿ.

ಹೊರಡುವ ಮೊದಲು ಬೀಕನ್ ಪರೀಕ್ಷೆ. ಒಬ್ಬರು 20 ಮೀಟರ್ ಮುಂದೆ ಹೋಗಿ ನಿಲ್ಲಲಿ. ಉಳಿದವರು ಒಬ್ಬೊಬ್ಬರಾಗಿ ದಾಟಲಿ. ಕಳಿಸುವುದು, ಹುಡುಕುವುದು ಎರಡೂ ನೋಡಿ. ಬ್ಯಾಟರಿ ಅರ್ಧಕ್ಕೆ ಬಂದಿದ್ದರೆ ಹೊಸದು ಹಾಕಿ. ಫೋನ್ ಏರೋಪ್ಲೇನ್ ಮೋಡ್‌ಗೆ ಹೋಗಲಿ, ಬೀಕನ್‌ನಿಂದ ದೂರದ ಜೇಬಿನಲ್ಲಿರಲಿ. ಎಲೆಕ್ಟ್ರಾನಿಕ್ ಸಾಮಾನು ಹತ್ತಿರವಿದ್ದರೆ ಬೀಕನ್ ಸಿಗ್ನಲ್ ಕೆಡುತ್ತದೆ.

ಇನ್ನೊಂದು ಕೆಲಸ, ವಾಪಸ್ ತಿರುಗುವ ಗಂಟೆಯನ್ನು ಇಲ್ಲೇ ಗಟ್ಟಿಯಾಗಿ ಹೇಳಿ ಒಪ್ಪಿಕೊಳ್ಳಿ. ನಮ್ಮ ಲೆಕ್ಕಕ್ಕೆ ಹನ್ನೆರಡೂವರೆ. ಎಲ್ಲಿದ್ದರೂ ಸರಿ, ಕ್ಯಾಂಪ್ ಮ್ಯೂರ್ ಇನ್ನೂರು ಮೀಟರ್ ಮೇಲೆ ಕಾಣುತ್ತಿದ್ದರೂ ಸರಿ, ತಿರುಗುವುದು. ಮೇಲೆ ಹೋದ ಮೇಲೆ ಈ ಮಾತು ಆಡಿದರೆ ಯಾರೂ ಒಪ್ಪುವುದಿಲ್ಲ.

ಪನೋರಮಾ ಪಾಯಿಂಟ್‌ವರೆಗೆ

ಮೊದಲ ಅರ್ಧ ಗಂಟೆ ತೀರಾ ನಿಧಾನ ಅನ್ನಿಸುವಷ್ಟು ನಿಧಾನ ಹೋಗಿ. ಮಾತಾಡಿಕೊಂಡು ಹತ್ತಲು ಆಗುತ್ತಿದ್ದರೆ ವೇಗ ಸರಿಯಿದೆ. ಹೊರಡುವಾಗ ಸ್ವಲ್ಪ ಚಳಿ ಎನ್ನಿಸಬೇಕು. ಹತ್ತು ನಿಮಿಷದಲ್ಲಿ ಮೈ ಬಿಸಿಯಾಗುತ್ತದೆ.

ಸ್ಕಿನ್ ಹಾಕಿದ ಸ್ಕೀಯನ್ನು ಎತ್ತಿಡಬೇಡಿ, ಜಾರಿಸಿ. ಹೊಸಬರು ಪ್ರತಿ ಹೆಜ್ಜೆಗೂ ಸ್ಕೀ ಎತ್ತುತ್ತಾರೆ, ಸುಮ್ನೆ ಶಕ್ತಿ ಹಾಳು. ಸೊಂಟ ಮುಂದಿರಲಿ, ಮೈ ನೆಟ್ಟಗಿರಲಿ, ಭಾರ ಹಿಮ್ಮಡಿಯ ಮೇಲೆ ಬೀಳಲಿ. ಇಳಿಜಾರಿಗೆ ಹೆದರಿ ಮುಂದಕ್ಕೆ ಬಾಗಿದರೆ ಸ್ಕಿನ್ ಹಿಡಿತ ಬಿಡುತ್ತದೆ. ಕಡಿದಾದಾಗ ಬೈಂಡಿಂಗ್‌ನ ಹಿಮ್ಮಡಿ ಎತ್ತರಿಸುವ ಪಟ್ಟಿ ಬಳಸಿ, ಆದರೆ ಎಲ್ಲದಕ್ಕಿಂತ ಮೇಲಿನ ಹಂತ ಬೇಕಾಗುತ್ತಿದೆ ಅಂದರೆ ದಾರಿಯೇ ಜಾಸ್ತಿ ಕಡಿದು. ಅಡ್ಡಡ್ಡ ಹೋಗಿ, ತಿರುಗಿ, ಮತ್ತೆ ಅಡ್ಡ ಹೋಗಿ. ತಿರುಗುವ ಕಿಕ್ ಟರ್ನ್ ಅನ್ನು ಮೊದಲೇ ಸಮ ಜಾಗದಲ್ಲಿ ಅಭ್ಯಾಸ ಮಾಡಿ. ಸೂತ್ರ ಇಷ್ಟೇ: ಮೇಲಿನ ಸ್ಕೀ ತಿರುಗಿಸಿ ಇಡಿ, ಭಾರ ಪೂರ್ತಿ ಅದರ ಮೇಲೆ ಹಾಕಿ, ಕೆಳಗಿನ ಕಾಲೆತ್ತಿ ಹಿಮ್ಮಡಿಯನ್ನು ಸ್ಕೀಗೆ ತಟ್ಟಿದರೆ ಸ್ಕೀಯ ತುದಿ ಮೇಲೇಳುತ್ತದೆ, ಆಗ ಸುತ್ತಿಸಿ ತನ್ನಿ.

ಪನೋರಮಾ ಪಾಯಿಂಟ್‌ನ ಕೆಳಗಿನ ಇಳಿಜಾರು ಈ ದಿನದ ಕಡಿದಾದ ಜಾಗ. 30 ಡಿಗ್ರಿ ಮೀರುತ್ತದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ನಡುವೆ. ಹೊಸ ಹಿಮ ಬಿದ್ದು ಗಾಳಿ ಬೀಸಿದ ಮರುದಿನ ಇಲ್ಲಿ ಕಾಲಿಡಬೇಡಿ. ಬೇಸಿಗೆಯ ಕಾಲುದಾರಿ ಹೋಗುವ ಕಡೆ ಹಿಮದ ಕಾಲದಲ್ಲಿ ಹೋಗಬಾರದು, ಮೇಲಿನ ಹಿಮ ನೇರ ಆ ದಾರಿಗೇ ಬರುತ್ತದೆ. ಹಿಮದ ಕಾಲದಲ್ಲಿ ಹತ್ತುವ ದಾರಿ ಯಾವುದು ಅಂತ ರೇಂಜರ್ ಹತ್ತಿರ ಕೇಳಿಕೊಳ್ಳಿ. ಒಬ್ಬರ ಹಿಂದೆ ಒಬ್ಬರು ಅಂತರ ಬಿಟ್ಟು ದಾಟಿ. ಮೇಲೆ ಅಥವಾ ಪಕ್ಕದಲ್ಲಿ ಸುರಕ್ಷಿತ ಜಾಗದಲ್ಲಿ ನಿಂತು ಒಬ್ಬರು ನೋಡುತ್ತಿರಬೇಕು.

ಹಿಮಕುಸಿತಕ್ಕೆ ಸಿಕ್ಕಿ ಸಾಯುವ ಹತ್ತರಲ್ಲಿ ಒಂಬತ್ತು ಸಲ ಅದನ್ನು ಎಬ್ಬಿಸಿದ್ದು ಆ ವ್ಯಕ್ತಿಯೇ ಅಥವಾ ಅವರ ಗುಂಪಿನವರೇ ಆಗಿರುತ್ತಾರೆ. ಹೂತವರನ್ನು ಮೊದಲ 10 ನಿಮಿಷದಲ್ಲಿ ಹೊರತೆಗೆದರೆ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ. ಅಲ್ಲಿಂದ ಮುಂದೆ ಅದು ಸರ್ರನೆ ಬೀಳುತ್ತದೆ. ರೇಂಜರ್ ಬರುವವರೆಗೆ ಕಾಯುವ ಮಾತೇ ಇಲ್ಲ, ಜೊತೆಗಿದ್ದವರೇ ಅಗೆಯಬೇಕು. ಕೊನೆಯದಾಗಿ ಕಂಡ ಜಾಗ ಗುರುತಿಡಿ. ಮತ್ತೆ ಹಿಮ ಜಾರುವ ಭಯ ಇದೆಯೇ ನೋಡಿ. ಎಲ್ಲರೂ ಬೀಕನ್ ಹುಡುಕುವ ಕ್ರಮಕ್ಕೆ ಹಾಕಿ. ಅಂಕಿ ಕಡಿಮೆಯಾಗುವ ಕಡೆ ಹೋಗಿ. ಮೂರು ಮೀಟರ್ ಬಂದಾಗ ಬೀಕನ್ ಹಿಮದ ಮೇಲ್ಮೈಗೆ ಇಳಿಸಿ, ನಿಧಾನ ಮಾಡಿ. ಎಲ್ಲಕ್ಕಿಂತ ಕಡಿಮೆ ಅಂಕಿ ಬಂದಲ್ಲಿಂದ ಸುರುಳಿಯಾಗಿ 25 ಸೆಂಟಿಮೀಟರ್ ಅಂತರದಲ್ಲಿ ಪ್ರೋಬ್ ಚುಚ್ಚಿ. ತಾಗಿದರೆ ಪ್ರೋಬ್ ಅಲ್ಲೇ ಬಿಟ್ಟು, ಅದರ ಕೆಳಬದಿಯಿಂದ ಒಳಕ್ಕೆ ಅಗೆಯಿರಿ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಪಾರ್ಕಿನಲ್ಲಿ ಒಂದು ಚೀಲದೊಳಗೆ ಬೀಕನ್ ಹೂತು, ಗಡಿಯಾರ ಹಿಡಿದು ಮಾಡಿ.

ಮ್ಯೂರ್ ಸ್ನೋಫೀಲ್ಡ್

ಪೆಬಲ್ ಕ್ರೀಕ್ ಮೇ ತಿಂಗಳಲ್ಲಿ ಹಿಮದ ಕೆಳಗೆ ಮುಚ್ಚಿರುತ್ತದೆ. ಜೂನ್ ಮುಂದುವರಿದಂತೆ ತೊರೆ ಬಾಯಿ ತೆರೆಯುತ್ತದೆ, ತೆಳು ಹಿಮದ ಸೇತುವೆ ಮೇಲೆ ನಿಲ್ಲಬೇಡಿ. ಅಲ್ಲಿಂದ ಮೇಲೆ 900 ಮೀಟರ್ ಒಂದೇ ಸಮನೆ ಏರು. ಕ್ಯಾಂಪ್ ಮ್ಯೂರ್ ಕಾಣುತ್ತಲೇ ಇರುತ್ತದೆ, ಹತ್ತಿರ ಬರುವುದೇ ಇಲ್ಲ. ಈ ಭಾಗ ಮನಸ್ಸಿನದು. ಐವತ್ತು ನಿಮಿಷ ಏರಿ, ಐದು ನಿಮಿಷ ನಿಲ್ಲಿ, ನಿಂತ ಕೂಡಲೇ ಪಫಿ ಜಾಕೆಟ್ ಹಾಕಿ, ತಿನ್ನಿ, ಕುಡಿಯಿರಿ.

ಬಿಸಿಲೇರಿದಂತೆ ಒದ್ದೆ ಹಿಮ ಸ್ಕಿನ್ನಿಗೆ ಮೆತ್ತಿಕೊಂಡು ಕಾಲಿಗೆ ಕೆಜಿಗಟ್ಟಲೆ ಭಾರ ಕಟ್ಟುತ್ತದೆ. ಆಗ ಸ್ಕೀ ಬಿಚ್ಚಿ, ಹಿಮ ಕೆರೆದು, ಸ್ಕಿನ್ ವ್ಯಾಕ್ಸ್ ಅನ್ನು ಕೂದಲು ಮಲಗಿದ ದಿಕ್ಕಿಗೆ ಗಟ್ಟಿಯಾಗಿ ಉಜ್ಜಿ. ಬಿಸಿ ಇರುವ ದಿನ ಮನೆಯಲ್ಲೇ ಹಚ್ಚಿಕೊಂಡು ಬನ್ನಿ.

ಈಗ ಮೋಡದ ವಿಷಯ. ಹತ್ತುವ ನಿಮ್ಮ ಎಡಕ್ಕೆ, ಅಂದರೆ ಪಶ್ಚಿಮಕ್ಕೆ, ನಿಸ್ಕ್ವಾಲಿ ಹಿಮನದಿ ಮತ್ತು ಅದರ ಮೇಲಿನ ಬಂಡೆಯಂಚುಗಳು. ಬಲಕ್ಕೆ, ಪೂರ್ವಕ್ಕೆ, ಪ್ಯಾರಡೈಸ್ ಹಿಮನದಿ, ಅದರ ಬಿರುಕುಗಳು. ನಡುವಿನ ಪಟ್ಟಿ ಸುರಕ್ಷಿತ. ಕಣ್ಣು ಕಾಣುವಾಗ ಈ ಪಟ್ಟಿ ಎಷ್ಟೊಂದು ಅಗಲ ಅನ್ನಿಸುತ್ತದೆ. ಮೋಡದೊಳಗೆ ಸ್ವಲ್ಪ ಕೋನ ತಪ್ಪಿದರೂ ಒಂದು ಕಿಲೋಮೀಟರ್‌ಗೆ ನೀವು ಎಲ್ಲೋ ಇರುತ್ತೀರಿ. ಇಳಿಯುವ ದಿಕ್ಕು ಹೆಚ್ಚುಕಡಿಮೆ ದಕ್ಷಿಣ. ಆದರೆ ಬೆಟ್ಟದ ಇಳಿಜಾರು ಕಾಲನ್ನು ಎಳೆಯುವ ಕಡೆಯೇ ದಾರಿ ಅಂತ ನಂಬಬೇಡಿ.

ಹಾಗಾಗಿ ಹತ್ತುವಾಗಲೇ ಇಳಿಯುವ ತಯಾರಿ ನಡೆಯುತ್ತಿರಬೇಕು. ಫೋನಿನಲ್ಲಿ ದಾರಿ ದಾಖಲಾಗುತ್ತಿರಲಿ. ಆನ್ವಿಲ್ ರಾಕ್, ಮೆಕ್‌ಕ್ಲೂರ್ ರಾಕ್ ತರಹದ ಗುರುತುಗಳ ಹತ್ತಿರ ನಿಂತು ಹಿಂದೆ ತಿರುಗಿ ನೋಡಿ. ಬರುವಾಗ ಈ ಬಂಡೆ ಯಾವ ಕೈಗೆ ಸಿಗುತ್ತದೆ? ಇಲ್ಲಿಂದ ಮುಂದಿನ ಗುರುತಿಗೆ ಎಷ್ಟು ಡಿಗ್ರಿ? ಕಂಪಾಸ್ ಹಿಡಿದು ನೋಡಿ. ದಾರಿಯಲ್ಲಿ ಬಿದಿರ ಕಡ್ಡಿ ನೆಟ್ಟಿದ್ದರೆ ಸಂತೋಷ, ಆದರೆ ಅವು ವಾಪಸ್ ಬರುವವರೆಗೂ ಇರುತ್ತವೆ ಅನ್ನುವ ಭರವಸೆ ಇಲ್ಲ. ಹೆಜ್ಜೆ ಗುರುತು ಗಾಳಿಗೆ ನಿಮಿಷಗಳಲ್ಲಿ ಮುಚ್ಚುತ್ತದೆ.

ಮೋಡ ಕೆಳಗಿನಿಂದ ಏರುತ್ತಿದೆಯಾ? ಪಶ್ಚಿಮದಿಂದ ಬರುತ್ತಿದೆಯಾ? ಬೆಟ್ಟದ ತುದಿ ಮೇಲೆ ಟೋಪಿಯಂಥ ಮೋಡ ಕೂತಿದೆಯಾ? ಇವು ಕಂಡರೆ ಹನ್ನೆರಡೂವರೆಗೆ ಕಾಯಬೇಡಿ, ಆಗಲೇ ತಿರುಗಿ. ತಡವಾಗಿ ಮೋಡದೊಳಗೆ ಸಿಕ್ಕಿಕೊಂಡರೆ ಎಲ್ಲರೂ ಒಟ್ಟಿಗಿರಿ. ಸ್ಕೀಯಲ್ಲಿ ಜಾರುತ್ತಾ ಫೋನ್ ನೋಡಲು ಆಗುವುದಿಲ್ಲ. ಒಬ್ಬರು ಕಂಪಾಸ್ ದಿಕ್ಕಿಗೆ ಕಣ್ಣಿಗೆ ಕಾಣುವಷ್ಟೇ ದೂರ ನಿಧಾನ ಇಳಿಯಲಿ. ಹಿಂದಿನವರು ಕೂಗಿ ಎಡ, ಬಲ ಸರಿಪಡಿಸಲಿ. ಹತ್ತಿರ ಸೇರಿ ಮತ್ತೆ ಅದೇ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಕ್ಯಾಂಪ್ ಮ್ಯೂರ್ ಹತ್ತಿರವೇ ಇದ್ದು, ಕೆಳಗೆ ಏನೂ ಕಾಣದಿದ್ದರೆ, ಅಲ್ಲಿನ ಕಲ್ಲಿನ ಆಸರೆಯಲ್ಲಿ ಮೋಡ ಸರಿಯುವವರೆಗೆ ಕಾಯುವುದೇ ಮೇಲು.

ಎತ್ತರದ ತಲೆನೋವೂ ಇದೆ. ಸಮುದ್ರ ಮಟ್ಟದಲ್ಲಿ ಮಲಗಿ ಎದ್ದವರು ಮಧ್ಯಾಹ್ನಕ್ಕೆ 3,100 ಮೀಟರ್‌ನಲ್ಲಿರುತ್ತಾರೆ. ತಲೆನೋವು, ವಾಕರಿಕೆ, ತೂರಾಟ ಕಂಡರೆ ಮಾತ್ರೆ ನುಂಗಿ ಮುಂದುವರಿಯಬೇಡಿ, ಇಳಿಯಿರಿ. ಇಳಿದರೆ ವಾಸಿಯಾಗುತ್ತದೆ.

ಕ್ಯಾಂಪ್ ಮ್ಯೂರ್‌ನಲ್ಲಿ

1888ರಲ್ಲಿ ಜಾನ್ ಮ್ಯೂರ್ ಈ ಬೆಟ್ಟ ಹತ್ತಿದಾಗ ಇಲ್ಲಿ ನೆಲದ ಮೇಲೆ ಹಗುರ ಪ್ಯೂಮಿಸ್ ಕಲ್ಲು ಕಂಡರು. ಅದು ಹಾರಿಹೋಗಿಲ್ಲ ಅಂದರೆ ಇಲ್ಲಿ ಗಾಳಿ ಕಡಿಮೆ ಅಂತ ಲೆಕ್ಕ ಹಾಕಿದರು. ಹಾಗೆ ಹೆಸರು ಬಂತು. ಸಾರ್ವಜನಿಕರ ಕಲ್ಲಿನ ಕಟ್ಟಡ 1921ರದ್ದು. ಬಿಸಿಲಿದ್ದರೆ ದಕ್ಷಿಣಕ್ಕೆ ಮೌಂಟ್ ಆಡಮ್ಸ್, ಸೇಂಟ್ ಹೆಲೆನ್ಸ್, ದೂರದಲ್ಲಿ ಆರೆಗನ್‌ನ ಮೌಂಟ್ ಹುಡ್ ಕಾಣುತ್ತವೆ. ನೋಡಿ, ಉಣ್ಣಿ, ಬೆವರಿನ ಬಟ್ಟೆ ಬದಲಿಸಿ. ಅರ್ಧ ಗಂಟೆ ಸಾಕು.

ಸ್ಕಿನ್ ತೆಗೆಯುವ ಕೆಲಸವನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಜಾಕೆಟ್. ಆಮೇಲೆ ಸಮ ಜಾಗ ತುಳಿದುಕೊಳ್ಳಿ. ಒಂದು ಸಲಕ್ಕೆ ಒಂದೇ ಸ್ಕೀ ಬಿಚ್ಚಿ, ಇನ್ನೊಂದು ಕಾಲಲ್ಲೇ ಇರಲಿ. ಬಿಚ್ಚಿದ ಸ್ಕೀಯನ್ನು ಹಿಮಕ್ಕೆ ಆಳವಾಗಿ ಊರಿ. ಕೈ ತಪ್ಪಿದ ಸ್ಕೀ ಕೆಳಗೆ ಎಲ್ಲಿ ನಿಲ್ಲುತ್ತದೋ ಹೇಳಲಾಗದು, ಅದು ಹೋದರೆ ಏಳು ಕಿಲೋಮೀಟರ್ ಹಿಮದಲ್ಲಿ ನಡೆಯಬೇಕು. ಸ್ಕಿನ್ ಮಡಚಿ ಚೀಲಕ್ಕೆ. ಬೈಂಡಿಂಗ್‌ನಲ್ಲಿ ಸಿಕ್ಕಿದ ಮಂಜುಗಡ್ಡೆ ಕೋಲಿನ ತುದಿಯಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಬೂಟು ಸಿಕ್ಕಿಕೊಂಡಂತೆ ಕಂಡು ಮೊದಲ ತಿರುವಿಗೇ ಕಳಚುತ್ತದೆ. ಬೂಟನ್ನು ನಡೆಯುವ ಕ್ರಮದಿಂದ ಸ್ಕೀ ಕ್ರಮಕ್ಕೆ ಬದಲಿಸಿ, ಬಕಲ್ ಬಿಗಿಯಿರಿ. ಹತ್ತುವಾಗ ಮುಂಭಾಗದ ಲಾಕ್ ಹಾಕಿರುತ್ತೀರಿ. ಇಳಿಯುವಾಗ ಅದನ್ನು ಬಿಡಿಸಿರಬೇಕು, ಇಲ್ಲದಿದ್ದರೆ ಬಿದ್ದಾಗ ಸ್ಕೀ ಕಳಚದೆ ಮೊಣಕಾಲು ತಿರುಚುತ್ತದೆ. ಒಬ್ಬರದ್ದು ಇನ್ನೊಬ್ಬರು ನೋಡಿ ಹೇಳಿ.

ಇಳಿಯುವುದು

ಮೊದಲ ನೂರು ಮೀಟರ್ ಕಾಲು ಮಾತು ಕೇಳುವುದಿಲ್ಲ. ದೊಡ್ಡ, ನಿಧಾನ ತಿರುವುಗಳಿಂದ ಶುರು ಮಾಡಿ. ಹತ್ತಿದ ದಾರಿಯ ಕಣ್ಣಳತೆಯಲ್ಲೇ ಇರಿ. ಪಕ್ಕದಲ್ಲಿ ಯಾರೂ ತುಳಿಯದ ಹಿಮ ಕರೆಯುತ್ತದೆ, ಪೂರ್ವದ ಕಡೆ ಅಂತೂ ತುಂಬಾ ಚೆನ್ನಾಗಿ ಕಾಣುತ್ತದೆ. ಅದು ಹಿಮನದಿಯ ಕಡೆ. ಬೇಡ.

ಮುನ್ನೂರು ಮೀಟರ್ ಇಳಿದು ನಿಲ್ಲಿ, ಎಣಿಸಿ, ಮುಂದೆ ಹೋಗಿ. ಕೊನೆಗೆ ಬರುವವರು ಗುಂಪಿನಲ್ಲಿ ಗಟ್ಟಿಯಾದವರಿರಲಿ, ರಿಪೇರಿ ಸಾಮಾನು ಅವರ ಹತ್ತಿರವಿರಲಿ. ನಿಧಾನದವರು ಬಂದು ಸೇರಿದ ಕ್ಷಣವೇ ಉಳಿದವರು ಹೊರಟುಬಿಟ್ಟರೆ ಅವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ ಅಲ್ವಾ? ಅವರಿಗೂ ಎರಡು ನಿಮಿಷ ಕೊಡಿ.

ಪನೋರಮಾ ಪಾಯಿಂಟ್ ತಲುಪುವಾಗ ಕೆಳಗಿನ ಹಿಮ ಮೆತ್ತಗಾಗಿರುತ್ತದೆ. ಮೇಲೆ ಕಾರ್ನ್ ಸಿಗಬೇಕೆಂದರೆ ಕೆಳಗೆ ಸ್ವಲ್ಪ ಕೆಸರು ಒಪ್ಪಿಕೊಳ್ಳಬೇಕು. ಆದರೆ ಬೂಟು ಮೊಣಕಾಲುದ್ದ ಹೂತುಹೋಗುತ್ತಿದ್ದರೆ, ತಿರುವಿಗೆ ಹಿಮದ ಉಂಡೆಗಳು ಉರುಳಿ ದೊಡ್ಡದಾಗುತ್ತಾ ಹೋದರೆ, ಒದ್ದೆ ಹಿಮ ಜಾರಲು ತಯಾರಾಗಿದೆ ಅಂತ ತಿಳಿಯಿರಿ. ಕಡಿದಾದ ಮುಖ ಬಿಟ್ಟು ಕಡಿಮೆ ಇಳಿಜಾರಿನ ಏಣಿನ ಮೇಲೆ ಬನ್ನಿ, ಒಬ್ಬೊಬ್ಬರಾಗಿ.

ಕೊನೆಯ ಅರ್ಧ ಗಂಟೆಯಲ್ಲಿ ಕಾರುಗಳು ಕಾಣುತ್ತವೆ, ಕಾಲು ಸೋತಿರುತ್ತದೆ, ಹಿಮ ಭಾರವಾಗಿರುತ್ತದೆ. ಮೊಣಕಾಲಿನ ಪೆಟ್ಟು ಆಗುವ ಹೊತ್ತು ಇದೇ. ಒಂದು ಸಲ ನಿಂತು, ನೀರು ಕುಡಿದು, ಒಂದು ಎಳ್ಳುಂಡೆ ತಿಂದು ಆಮೇಲೆ ಇಳಿಯಿರಿ.

ಕಾರಿಗೆ ಬಂದ ಮೇಲೆ

ಬೀಕನ್ ಆರಿಸಿ. ಮನೆಗೆ ಸಂದೇಶ ಕಳಿಸಿ, ಸಿಗ್ನಲ್ ಇಲ್ಲದಿದ್ದರೆ ಉಪಗ್ರಹ ಸಾಧನದಿಂದಲೇ. ಒದ್ದೆ ಕಾಲುಚೀಲ ಬದಲಿಸಿ, ಚಿತ್ರಾನ್ನ ತೆಗೆಯಿರಿ.

ಬೆಳಗಿನ ಜಾವ ಎದ್ದವರು ಈಗ ಎರಡೂವರೆ ಗಂಟೆ ಡ್ರೈವ್ ಮಾಡಬೇಕು. ಕಣ್ಣು ಎಳೆಯುತ್ತಿದ್ದರೆ ಪಾರ್ಕಿಂಗ್ ಲಾಟಿನಲ್ಲೇ ಅರ್ಧ ಗಂಟೆ ಮಲಗಿ, ಇಲ್ಲವೇ ನಿದ್ದೆಯಾದವರಿಗೆ ಸ್ಟೀರಿಂಗ್ ಕೊಡಿ. ಮನೆಯಲ್ಲಿ ಸ್ಕಿನ್ನನ್ನು ನೆರಳಲ್ಲಿ ತೂಗುಹಾಕಿ. ಹೀಟರ್ ಮುಂದೆ ಇಟ್ಟರೆ ಅಂಟು ಕರಗಿ ಹಾಳಾಗುತ್ತದೆ. ಬೂಟಿನ ಒಳಗವಸು ಹೊರಗೆ ತೆಗೆದು ಒಣಗಿಸಿ. ಆ ರಾತ್ರಿಯೇ ಗುಂಪಿನವರು ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ: ಯಾವ ಗಂಟೆಗೆ ಎಲ್ಲಿದ್ದೆವು, ಹಿಮ ಯಾವಾಗ ಮೆತ್ತಗಾಯಿತು, ಯಾರಿಗೆ ಎಲ್ಲಿ ಹೆದರಿಕೆಯಾಯಿತು, ಯಾರು ಅದನ್ನು ಹೇಳದೆ ಸುಮ್ಮನಿದ್ದರು. ಬರೆದಿಟ್ಟುಕೊಳ್ಳಿ. ಮುಂದಿನ ಸಲ ಮುಂಟರ್ ಲೆಕ್ಕದ ಗಂಟೆಗೆ 4 ಅಂಕದ ಬದಲು ನಿಮ್ಮದೇ ಗುಂಪಿನ ಅಂಕ ಹಾಕಬಹುದು.